ಆರ್.ಸಿ. ಪುಸ್ತಕವಿಲ್ಲದ ಯಂತ್ರ: ಬಳಸಿದ ಲಾನ್ ಮೋವರ್ ಖರೀದಿಯ ಲೆಕ್ಕಾಚಾರ

ಬಳಸಿದ ಲಾರಿಯನ್ನು ಕೊಳ್ಳಹೊರಟ ವರ್ತಕನು ಮೊದಲು ಕೇಳುವುದು ಆರ್.ಸಿ. ಪುಸ್ತಕವನ್ನು. ಮಾಲೀಕನ ಹೆಸರು, ತಯಾರಾದ ವರ್ಷ, ಎಂಜಿನ್ ಮತ್ತು ಚಾಸಿ ಸಂಖ್ಯೆ, ಬ್ಯಾಂಕ್ ಸಾಲದ ನಮೂದು ಇವಿಷ್ಟೂ ಒಂದೇ ದಾಖಲೆಯಲ್ಲಿ ದೊರೆಯುತ್ತವೆ. ಆದರೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರಕ್ಕೆ, ಅಂದರೆ ರೈಡ್-ಆನ್ ಲಾನ್ ಮೋವರ್‌ಗೆ, ಇಂತಹ ದಾಖಲೆ ಇರುವುದಿಲ್ಲ. ಕಾರ್ಖಾನೆ ಅಥವಾ ಆವರಣದೊಳಗಿನ ಬಳಕೆಗೆಂದೇ ರೂಪಿಸಲಾದ ವಿಶೇಷ ವಾಹನಗಳನ್ನು 1988ರ ಮೋಟಾರು ವಾಹನಗಳ ಕಾಯಿದೆಯ ಕಲಂ 2(28) 'ಮೋಟಾರು ವಾಹನ'ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನಾಲ್ಕು ಚಕ್ರ, ಎಂಜಿನ್, ಸ್ಟೀರಿಂಗ್ ಎಲ್ಲವೂ ಇದ್ದರೂ ಈ ಯಂತ್ರದ ಹೆಸರು ಆರ್.ಟಿ.ಓ. ಕಚೇರಿಯ ಯಾವ ವಹಿಯಲ್ಲಿಯೂ ಇರುವುದಿಲ್ಲ.

ಆದುದರಿಂದ ಇಂತಹ ಯಂತ್ರವನ್ನು ಕೊಳ್ಳುವವನು ಆ ಪುಸ್ತಕವನ್ನು ತಾನೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಯಂತ್ರದ ವಯಸ್ಸು, ದುಡಿದ ಗಂಟೆಗಳು, ಮಾಲೀಕತ್ವ, ಸಾಲ, ತೆರಿಗೆ ಈ ಐದನ್ನೂ ಹಣ ಪಾವತಿಸುವ ಮೊದಲೇ ಕಾಗದದ ಮೇಲೆ ತರದಿದ್ದರೆ, ಅಗ್ಗವೆಂದು ತೋರಿದ ಖರೀದಿಯು ಹೊಸ ಯಂತ್ರಕ್ಕಿಂತ ದುಬಾರಿಯಾಗಬಹುದು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಆವರಣಗಳಲ್ಲಿ, ಟಿ. ನರಸೀಪುರ ಕಡೆಯ ಕಲ್ಯಾಣ ಮಂಟಪ, ವಿದ್ಯಾಸಂಸ್ಥೆ ಮತ್ತು ಅತಿಥಿಗೃಹಗಳಲ್ಲಿ ಹುಲ್ಲುಹಾಸು ಇಂದು ಸಾಮಾನ್ಯ ಸಂಗತಿ. ದೊಡ್ಡ ಘಟಕಗಳು ಬದಲಿಸಿದ ಯಂತ್ರಗಳು ಸಣ್ಣ ಘಟಕಗಳ ಕೈಗೆ ಬರುವುದೂ ಸಹಜ. ಈ ಲೇಖನವು ಅಂತಹ ಖರೀದಿಯನ್ನು ಲೆಕ್ಕಶಾಸ್ತ್ರದ ದೃಷ್ಟಿಯಿಂದ ಹಂತಹಂತವಾಗಿ ಪರಿಶೀಲಿಸುತ್ತದೆ. ಬಳಸಿದ ಬೇರೆ ಯಂತ್ರೋಪಕರಣಗಳನ್ನು ಕೊಳ್ಳುವವರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

1. ಯಂತ್ರದ ಅಗತ್ಯವಿದೆಯೇ?

ಮೊದಲ ಪ್ರಶ್ನೆ ಬೆಲೆಯದಲ್ಲ, ನೆಲದ್ದು. ಕುಳಿತು ಓಡಿಸುವ ಮೋವರ್ ಇರುವುದು ಸಮತಟ್ಟಾದ, ಕಲ್ಲುಗಳಿಲ್ಲದ, ನಿಯಮಿತವಾಗಿ ಕತ್ತರಿಸಲ್ಪಡುವ ಹುಲ್ಲುಹಾಸಿಗಾಗಿ. ತೆಂಗಿನ ತೋಟದ ಕಳೆ, ಮೊಣಕಾಲುದ್ದದ ಒರಟು ಹುಲ್ಲು, ಬಿದ್ದ ಗರಿ ಮತ್ತು ಕಲ್ಲುಗಳ ನಡುವೆ ಇದನ್ನು ಓಡಿಸಿದರೆ ಬ್ಲೇಡ್ ಬಾಗುತ್ತದೆ, ಸ್ಪಿಂಡಲ್ ಹಾಳಾಗುತ್ತದೆ. ಅಂತಹ ಕಡೆ ಬ್ರಷ್ ಕಟ್ಟರ್ ಅಥವಾ ಟ್ರ್ಯಾಕ್ಟರಿಗೆ ಜೋಡಿಸುವ ಸ್ಲ್ಯಾಷರ್ ಸೂಕ್ತ. ನಾಲೆಯ ನೀರು ಜಿನುಗುವ ತಗ್ಗು ಪ್ರದೇಶಗಳಲ್ಲಿ ಭಾರವಾದ ಯಂತ್ರವು ಒದ್ದೆ ನೆಲದಲ್ಲಿ ಹೂತು ಗಾಲಿಯ ಗುರುತು ಉಳಿಸುವುದೂ ಉಂಟು. ಕಾರ್ಖಾನೆಗಳಿಗೆ ವಿಧಿಸಲಾಗುವ ಹಸಿರು ವಲಯದ ಷರತ್ತು ಮುಖ್ಯವಾಗಿ ಮರಗಿಡಗಳಿಗೆ ಸಂಬಂಧಿಸಿದ್ದು. ಹುಲ್ಲುಹಾಸಿನಿಂದ ಅದು ಈಡೇರಿತೆಂದು ಭಾವಿಸಬಾರದು.

2. ವರ್ಷಕ್ಕೆ ಎಷ್ಟು ಗಂಟೆ?

ಎರಡನೆಯ ಪ್ರಶ್ನೆ ಗಂಟೆಗಳದು. ಸಾಮಾನ್ಯವಾಗಿ ದೊರೆಯುವ 42 ಅಂಗುಲ, ಅಂದರೆ ಸುಮಾರು 107 ಸೆಂಟಿಮೀಟರ್ ಅಗಲದ ಯಂತ್ರವು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಸಾಗಿದರೆ ಒಂದು ಗಂಟೆಯಲ್ಲಿ 5,350 ಚದರ ಮೀಟರ್ ಕತ್ತರಿಸಬೇಕು. ತಿರುವು, ಒಂದು ಸಾಲಿನ ಮೇಲೆ ಇನ್ನೊಂದು ಸಾಲಿನ ಹೊಂದಿಕೆ, ಮರಗಳ ಸುತ್ತಿನ ಅಡಚಣೆಗಳನ್ನು ಕಳೆದು ಶೇ. 75ರಷ್ಟನ್ನು ಮಾತ್ರ ಪರಿಗಣಿಸಿದರೆ ಅದು ಗಂಟೆಗೆ ಸುಮಾರು ಒಂದು ಎಕರೆಯಾಗುತ್ತದೆ.

ಎರಡು ಎಕರೆ ಹುಲ್ಲುಹಾಸು ಇರುವ ಘಟಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೇ ತಿಂಗಳ ಮಳೆಯಿಂದ ಅಕ್ಟೋಬರ್ ಅಂತ್ಯದವರೆಗಿನ 26 ವಾರಗಳಲ್ಲಿ ವಾರಕ್ಕೊಮ್ಮೆ, ಉಳಿದ 26 ವಾರಗಳಲ್ಲಿ ಹದಿನೈದು ದಿನಕ್ಕೊಮ್ಮೆ ಕತ್ತರಿಸಿದರೆ ವರ್ಷಕ್ಕೆ 39 ಬಾರಿಯಾಗುತ್ತದೆ. ಪ್ರತಿ ಬಾರಿಗೆ 2 ಗಂಟೆಯಂತೆ ವಾರ್ಷಿಕ ಬಳಕೆ 78 ಗಂಟೆ. ಈ ಸಂಖ್ಯೆ ತಿಳಿಯದೆ ಮುಂದಿನ ಯಾವ ಲೆಕ್ಕವನ್ನೂ ಮಾಡಲಾಗದು.

3. ಬೆಲೆಯಲ್ಲ, ವಾರ್ಷಿಕ ವೆಚ್ಚ

ಕಾಸಿಗೆ ತಕ್ಕ ಕಜ್ಜಾಯ ಎಂಬುದು ಲೋಕರೂಢಿ. ಆದರೆ ಯಂತ್ರದ ವಿಷಯದಲ್ಲಿ ಕಾಸು ಎಷ್ಟು, ಕಜ್ಜಾಯ ಎಷ್ಟು ಎಂಬುದನ್ನು ಅಳೆಯಲು ಬೆಲೆಪಟ್ಟಿ ಸಾಲದು. ಕೆಳಗಿನ ಅಂಕಿಗಳು ಕೇವಲ ಪಾಠಕ್ಕಾಗಿ ಕಲ್ಪಿಸಿದವು. ಓದುಗರು ಇವುಗಳ ಸ್ಥಾನದಲ್ಲಿ ತಮ್ಮ ಅಂಕಿಗಳನ್ನು ಇಟ್ಟುಕೊಳ್ಳಬೇಕು. ಎರಡೂ ಯಂತ್ರಗಳ ಬೆಲೆ ತೆರಿಗೆಯನ್ನು ಹೊರತುಪಡಿಸಿದ್ದು.

ಹೊಸ ಯಂತ್ರದ ಬೆಲೆ ರೂ. 4,00,000, ಬಳಕೆಯ ಅವಧಿ 10 ವರ್ಷ, ಕೊನೆಯಲ್ಲಿ ಬರುವ ಮರುಮಾರಾಟ ಮೌಲ್ಯ ರೂ. 60,000 ಎಂದಿರಲಿ. ವರ್ಷಕ್ಕೆ ಸವೆಯುವ ಮೌಲ್ಯ ರೂ. 34,000. ಸರಾಸರಿ ಹೂಡಿಕೆ ರೂ. 2,30,000, ಅದರ ಮೇಲೆ ಶೇ. 10ರ ಬಡ್ಡಿ ರೂ. 23,000. ಒಟ್ಟು ವಾರ್ಷಿಕ ವೆಚ್ಚ ರೂ. 57,000.

ಬಳಸಿದ ಯಂತ್ರದ ಬೆಲೆ ರೂ. 1,80,000, ಸಾಗಣೆ ರೂ. 8,000, ಬೆಲ್ಟ್, ಬ್ಲೇಡ್, ಬ್ಯಾಟರಿ, ಟೈರ್ ಇತ್ಯಾದಿ ದುರಸ್ತಿ ರೂ. 32,000, ಒಟ್ಟು ರೂ. 2,20,000. ಇನ್ನೂ ಸುಮಾರು 400 ಗಂಟೆಗಳ ದುಡಿಮೆ ಉಳಿದಿದೆ ಎಂದಾದರೆ, ವರ್ಷಕ್ಕೆ 78 ಗಂಟೆಯಂತೆ ಅದು 5 ವರ್ಷ ಬರುತ್ತದೆ. ಮರುಮಾರಾಟ ಮೌಲ್ಯ ರೂ. 30,000 ಕಳೆದರೆ ವರ್ಷಕ್ಕೆ ಸವೆಯುವ ಮೌಲ್ಯ ರೂ. 38,000. ಸರಾಸರಿ ಹೂಡಿಕೆ ರೂ. 1,25,000, ಬಡ್ಡಿ ರೂ. 12,500. ಒಟ್ಟು ವಾರ್ಷಿಕ ವೆಚ್ಚ ರೂ. 50,500.

ಬೆಲೆಯಲ್ಲಿ ರೂ. 2,20,000ದಷ್ಟು ಅಗ್ಗವೆಂದು ಕಂಡ ಯಂತ್ರವು ವಾಸ್ತವವಾಗಿ ಉಳಿಸುವುದು ವರ್ಷಕ್ಕೆ ರೂ. 6,500 ಮಾತ್ರ, ಐದು ವರ್ಷಕ್ಕೆ ರೂ. 32,500. ಇದೇ ಈ ಖರೀದಿಯ ಸಮಸ್ತ ಲಾಭ. ದುರಸ್ತಿಯ ಅಂದಾಜು ಇಷ್ಟು ಮೊತ್ತದಷ್ಟು ತಪ್ಪಿದರೆ, ಅಥವಾ ಗೇರ್ ವ್ಯವಸ್ಥೆ ಒಮ್ಮೆ ಕೈಕೊಟ್ಟರೆ, ಆ ಲಾಭ ಅಲ್ಲಿಗೆ ಮುಗಿಯಿತು. ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆ. ಚೌಕಾಶಿಗೆ ಕುಳಿತ ಖರೀದಿದಾರನಿಗೆ ಈ ಅಂಕಿ ತಿಳಿದಿರಬೇಕು. ಉಳಿದಿರುವ ಗಂಟೆಗಳು 400 ಅಲ್ಲ, 240 ಎಂದು ಪರೀಕ್ಷೆಯಿಂದ ಕಂಡುಬಂದರೆ, ಯಂತ್ರ ಬರುವುದು ಮೂರೇ ವರ್ಷ. ಆಗ ವಾರ್ಷಿಕ ವೆಚ್ಚವು ಹೊಸ ಯಂತ್ರದ ವೆಚ್ಚವನ್ನು ಮೀರುತ್ತದೆ.

ಮೂರನೆಯ ಆಯ್ಕೆಯೂ ಒಂದಿದೆ. ವಾರ್ಷಿಕ ರೂ. 50,500ನ್ನು 39 ಬಾರಿಗೆ ಹಂಚಿದರೆ ಪ್ರತಿ ಬಾರಿಯ ವೆಚ್ಚ ಸುಮಾರು ರೂ. 1,295. ಇದಕ್ಕೆ ಇಂಧನ, ಚಾಲಕನ ಕೂಲಿ ಮತ್ತು ವಾಡಿಕೆಯ ಸರ್ವಿಸ್ ಸೇರಬೇಕು. ಉದ್ಯಾನ ನಿರ್ವಹಣೆಯ ಗುತ್ತಿಗೆದಾರನೊಬ್ಬ ತನ್ನ ಯಂತ್ರ, ತನ್ನ ಆಳು, ತನ್ನ ಪೆಟ್ರೋಲ್‌ನೊಂದಿಗೆ ಅದಕ್ಕಿಂತ ಕಡಿಮೆಗೆ ಬರುವುದಾದರೆ, ಯಂತ್ರವನ್ನೇ ಕೊಳ್ಳದಿರುವುದು ಉತ್ತಮ ವ್ಯವಹಾರ.

4. ವಯಸ್ಸು ಮತ್ತು ಗಂಟೆಗಳ ಪುರಾವೆ

ಲೆಕ್ಕವೆಲ್ಲವೂ ಉಳಿದಿರುವ ಗಂಟೆಗಳ ಮೇಲೆ ನಿಂತಿರುವುದರಿಂದ, ಯಂತ್ರದ ಪರೀಕ್ಷೆಯು ಮೆಕ್ಯಾನಿಕ್‌ನ ಕೆಲಸ ಮಾತ್ರವಲ್ಲ, ಲೆಕ್ಕದ ಕೆಲಸವೂ ಹೌದು.

ಗಂಟೆ ತೋರಿಸುವ ಮೀಟರ್ ಇದ್ದರೆ ಅದನ್ನು ಬರೆದುಕೊಳ್ಳಬೇಕು, ಆದರೆ ಅದನ್ನೇ ನಂಬಬಾರದು. ಸೀಟಿನ ಹರಿತ, ಪೆಡಲ್‌ನ ರಬ್ಬರ್, ಸ್ಟೀರಿಂಗ್‌ನ ಸಡಿಲ, ಟೈರ್‌ನ ಸವೆತ ಇವು ಮೀಟರ್‌ನ ಅಂಕಿಗೆ ಹೊಂದುತ್ತವೆಯೇ ಎಂದು ನೋಡಬೇಕು. ವಯಸ್ಸಿಗೆ ಎಂಜಿನ್ನೇ ಸಾಕ್ಷಿ. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್‌ಗಳ ಮೇಲೆ ಮಾಡೆಲ್, ಟೈಪ್, ಕೋಡ್ ಎಂಬ ಮೂರು ಸಂಖ್ಯೆಗಳನ್ನು ಅಚ್ಚೊತ್ತಿರುತ್ತಾರೆ. ಕೋಡ್ ಸಂಖ್ಯೆಯ ಮೊದಲ ಎರಡು ಅಂಕಿಗಳು ತಯಾರಾದ ವರ್ಷವನ್ನು, ನಂತರದ ಎರಡು ತಿಂಗಳನ್ನು, ಅದರ ನಂತರದ ಎರಡು ದಿನಾಂಕವನ್ನು ಸೂಚಿಸುತ್ತವೆ. 150623 ಎಂದು ಆರಂಭವಾಗುವ ಕೋಡ್ ಇದ್ದರೆ ಆ ಎಂಜಿನ್ 2015ರ ಜೂನ್ 23ರಂದು ತಯಾರಾದದ್ದು. ಮಾರುವವನು 'ಐದು ವರ್ಷದ ಯಂತ್ರ' ಎಂದರೂ ಲೋಹದ ಮೇಲಿನ ಅಂಕಿಯನ್ನು ಅಲ್ಲಗಳೆಯಲಾಗದು. ಈ ಮೂರು ಸಂಖ್ಯೆಗಳಿಲ್ಲದೆ ಬಿಡಿಭಾಗಗಳನ್ನು ತರಿಸುವುದೂ ಕಷ್ಟ.

ಬಿಡಿಭಾಗಗಳ ಲಭ್ಯತೆಯನ್ನು ಖರೀದಿಗೆ ಮೊದಲೇ ವಿಚಾರಿಸಬೇಕು. ವಿದೇಶಿ ತಯಾರಕರ ಮಾಲೀಕತ್ವ ಮತ್ತು ಹೆಸರುಗಳು ಬದಲಾಗುತ್ತಿರುತ್ತವೆ. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಸಂಸ್ಥೆಯು 2020ರ ಜುಲೈನಲ್ಲಿ ಅಮೆರಿಕದಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿ, ಬಳಿಕ ಹೊಸ ಮಾಲೀಕರ ಅಡಿಯಲ್ಲಿ ಮುಂದುವರಿಯಿತು. ಕೊಹ್ಲರ್ ಎಂಜಿನ್‌ಗಳ ವ್ಯವಹಾರವು 2024ರಿಂದ ರೆಹಲ್ಕೊ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಎಂಜಿನ್‌ನ ಭಾಗಗಳು ದೊರೆತರೂ ಡೆಕ್, ಸ್ಪಿಂಡಲ್, ಬೆಲ್ಟ್‌ಗಳು ಯಂತ್ರ ತಯಾರಿಸಿದ ಬೇರೊಂದು ಸಂಸ್ಥೆಯವಾಗಿರುತ್ತವೆ ಎಂಬುದನ್ನೂ ಮರೆಯಬಾರದು. ಒಂದು ಬೆಲ್ಟ್ ಮತ್ತು ಒಂದು ಜೊತೆ ಬ್ಲೇಡ್ ಎಷ್ಟು ದಿನಗಳಲ್ಲಿ ಬರುತ್ತದೆ, ಬೆಲೆ ಎಷ್ಟು ಎಂದು ಬೆಂಗಳೂರಿನ ವಿತರಕರಿಂದ ಲಿಖಿತವಾಗಿ ಪಡೆಯುವುದು ಒಳಿತು.

ಪರೀಕ್ಷೆಯ ದಿನ ಎಂಜಿನ್ ತಣ್ಣಗಿರಬೇಕು. ಖರೀದಿದಾರ ಬರುವ ಮೊದಲೇ ಚಾಲೂ ಮಾಡಿ ಬಿಸಿಯಾಗಿಸಿದ್ದರೆ ಸಂಶಯಪಡಬೇಕು. ನೀಲಿ ಹೊಗೆ ಎಣ್ಣೆ ಉರಿಯುವುದರ, ಕಪ್ಪು ಹೊಗೆ ಇಂಧನ ಹೆಚ್ಚಾಗಿರುವುದರ ಲಕ್ಷಣ. ಡೆಕ್‌ನ ಅಡಿಭಾಗವನ್ನು ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್‌ನ ವೈರ್ ಕಳಚಿದ ನಂತರವೇ ನೋಡಬೇಕು; ಒದ್ದೆ ಹುಲ್ಲು ಅಂಟಿದ ಕಡೆ ತುಕ್ಕು ತೂತು ಮಾಡಿರುತ್ತದೆ, ಹೊಸ ಬಣ್ಣದ ಕೆಳಗೆ ಅದು ಅಡಗಿರಲೂಬಹುದು. ಬ್ಲೇಡ್‌ನ ತುದಿಯನ್ನು ಮೇಲೆ ಕೆಳಗೆ ಅಲುಗಾಡಿಸಿದಾಗ ಸಡಿಲ ಕಂಡರೆ ಬೇರಿಂಗ್ ಸವೆದಿದೆ. ಹೈಡ್ರೋಸ್ಟ್ಯಾಟಿಕ್ ಗೇರ್ ವ್ಯವಸ್ಥೆಯ ದೋಷ ತಣ್ಣಗಿರುವಾಗ ಕಾಣುವುದಿಲ್ಲ. ಅರ್ಧ ಗಂಟೆ ಓಡಿಸಿದ ನಂತರ ಸಣ್ಣ ಏರಿನಲ್ಲಿ ಯಂತ್ರದ ಶಕ್ತಿ ಕುಗ್ಗಿದರೆ, ಮೇಲೆ ಹೇಳಿದ ರೂ. 32,500ರ ಲಾಭ ಅಲ್ಲಿಯೇ ಸೋರಿಹೋಗುವ ಸೂಚನೆ ಅದು.

ಇಂಧನದ ವಿಷಯ ಇತ್ತೀಚಿನದು. ದೇಶದಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ 2025ರ ವೇಳೆಗೆ ಸಾರ್ವತ್ರಿಕವಾಯಿತು. ಆದರೆ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಮೊದಲಾದ ತಯಾರಕರ ಕೈಪಿಡಿಗಳು ಈ ಬಗೆಯ ಸಣ್ಣ ಎಂಜಿನ್‌ಗಳಿಗೆ ಶೇ. 10ರವರೆಗಿನ ಎಥನಾಲ್ ಮಾತ್ರ ಒಪ್ಪುತ್ತವೆ. ಎಥನಾಲ್ ತೇವವನ್ನು ಹೀರುತ್ತದೆ. ಬೇಸಿಗೆಯಲ್ಲಿ ವಾರಗಟ್ಟಲೆ ನಿಂತ ಟ್ಯಾಂಕಿನಲ್ಲಿ ಅದು ಕಾರ್ಬ್ಯುರೇಟರ್ ಮತ್ತು ರಬ್ಬರ್ ನಳಿಕೆಗಳನ್ನು ಕೆಡಿಸುತ್ತದೆ. ಹಳೆಯ ಯಂತ್ರದ ದುರಸ್ತಿಯ ಅಂದಾಜಿನಲ್ಲಿ ಕಾರ್ಬ್ಯುರೇಟರ್ ಶುದ್ಧಿ ಮತ್ತು ಇಂಧನ ನಳಿಕೆಗಳ ಬದಲಾವಣೆಯನ್ನು ಸೇರಿಸಲೇಬೇಕು.

5. ಸುರಕ್ಷತಾ ಸ್ವಿಚ್: ರಿಯಾಯಿತಿಯ ವಿಷಯವಲ್ಲ

ಚಾಲಕ ಸೀಟಿನಿಂದ ಎದ್ದೊಡನೆ ಬ್ಲೇಡ್ ಅಥವಾ ಎಂಜಿನ್ ನಿಲ್ಲುವಂತೆ ಮಾಡುವ ಸ್ವಿಚ್ ಈ ಯಂತ್ರಗಳಲ್ಲಿ ಇರುತ್ತದೆ. ಅದು ಕೆಟ್ಟಾಗ ಹೊಸದನ್ನು ಹಾಕುವ ಬದಲು ಎರಡು ವೈರ್‌ಗಳನ್ನು ನೇರ ಜೋಡಿಸಿಬಿಡುವ ಅಭ್ಯಾಸ ಹಳೆಯ ಯಂತ್ರಗಳಲ್ಲಿ ಕಾಣಸಿಗುತ್ತದೆ. ಅಮೆರಿಕದ ಸುರಕ್ಷತಾ ಮಾನದಂಡವು ಬ್ಲೇಡ್‌ನ ತುದಿಯ ವೇಗಕ್ಕೆ ವಿಧಿಸಿರುವ ಮಿತಿಯೇ ನಿಮಿಷಕ್ಕೆ 19,000 ಅಡಿ, ಅಂದರೆ ಗಂಟೆಗೆ ಸುಮಾರು 347 ಕಿಲೋಮೀಟರ್. ಅಡಕಿದ ಹುಲ್ಲನ್ನು ತೆಗೆಯಲು ಇಳಿದ ಕೆಲಸಗಾರನ ಕೈಬೆರಳುಗಳಿಗೆ ಆ ವೇಗದೆದುರು ಅವಕಾಶವೇ ಇರುವುದಿಲ್ಲ. ಕೆಲಸದ ಸ್ಥಳದ ಅಪಘಾತದ ಹೊಣೆ ಉದ್ಯೋಗದಾತನದು. ಹಿಂದಿನ ಮಾಲೀಕನು ವೈರ್ ಜೋಡಿಸಿದ್ದನೆಂಬ ಸಮಜಾಯಿಷಿ ಅಲ್ಲಿ ನಿಲ್ಲುವುದಿಲ್ಲ. ಪರೀಕ್ಷೆಯ ವೇಳೆ ಎಂಜಿನ್ ಚಾಲೂ ಇದ್ದು, ಬ್ರೇಕ್ ಹಾಕಿ, ಬ್ಲೇಡ್ ಜೋಡಿಸಿದ ಸ್ಥಿತಿಯಲ್ಲಿ ಸೀಟಿನಿಂದ ಸ್ವಲ್ಪವೇ ಮೇಲೆದ್ದು ನೋಡಬೇಕು. ಬ್ಲೇಡ್ ನಿಲ್ಲದಿದ್ದರೆ, ಸ್ವಿಚ್ ಸರಿಪಡಿಸುವವರೆಗೆ ಖರೀದಿ ಮಾಡಬಾರದು. ಇಳಿಜಾರಿನ ಬಗೆಗೂ ಎಚ್ಚರ ಬೇಕು. ಹಲವು ಕೈಪಿಡಿಗಳು 15 ಡಿಗ್ರಿ ಮೀರಿದ ಇಳಿಜಾರಿನಲ್ಲಿ ಓಡಿಸಬಾರದೆಂದು ಹೇಳುತ್ತವೆ.

6. ಮಾಲೀಕತ್ವ ಮತ್ತು ಸಾಲ

1930ರ ಸರಕು ಮಾರಾಟ ಕಾಯಿದೆಯ ಕಲಂ 27ರ ಸಾಮಾನ್ಯ ತತ್ವದಂತೆ, ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ಆರ್.ಸಿ. ಇಲ್ಲದ ಯಂತ್ರದಲ್ಲಿ ಹಕ್ಕಿಗೆ ಮುಖ್ಯ ಪುರಾವೆ ಮೂಲ ಖರೀದಿಯ ಬಿಲ್. ಅದರಲ್ಲಿನ ಕ್ರಮಸಂಖ್ಯೆಯು ಯಂತ್ರದ ಮೇಲಿನ ಕ್ರಮಸಂಖ್ಯೆಗೆ ತಾಳೆಯಾಗಬೇಕು. ವಿದೇಶದಿಂದ ಆಮದಾದ ಯಂತ್ರವಾದರೆ ಆಮದಿನ ಬಿಲ್ ಆಫ್ ಎಂಟ್ರಿಯ ಪ್ರತಿ ಕೇಳಬೇಕು.

ಮಾರುವವನು ಕಂಪನಿಯಾಗಿದ್ದರೆ, ಅದರ ಆಸ್ತಿಗಳ ಮೇಲೆ ಬ್ಯಾಂಕ್ ಹೊಂದಿರುವ ಚಾರ್ಜ್‌ಗಳ ವಿವರವನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಗಳಲ್ಲಿ ಪರಿಶೀಲಿಸಬಹುದು. 2013ರ ಕಂಪನಿ ಕಾಯಿದೆಯ ಕಲಂ 77ರಂತೆ ಅವುಗಳ ನೋಂದಣಿ ಕಡ್ಡಾಯ. ಬಹುತೇಕ ಕಾರ್ಖಾನೆಗಳ ದುಡಿಮೆ ಬಂಡವಾಳದ ಸಾಲಕ್ಕೆ ಎಲ್ಲ ಯಂತ್ರೋಪಕರಣಗಳೂ ಒಟ್ಟಾಗಿ ಅಡಮಾನವಾಗಿರುತ್ತವೆ. ಹುಲ್ಲು ಕತ್ತರಿಸುವ ಯಂತ್ರವೂ ಆ ಒಟ್ಟಿನಲ್ಲಿ ಸೇರಿರಬಹುದು. ಅಂತಹ ಸಂದರ್ಭದಲ್ಲಿ ಬ್ಯಾಂಕಿನಿಂದ ಮಾರಾಟಕ್ಕೆ ಅಭ್ಯಂತರವಿಲ್ಲವೆಂಬ ಪತ್ರ ಪಡೆಯುವುದು ಅವಶ್ಯ. ಮಾರುವವನು ಏಕವ್ಯಕ್ತಿ ಸಂಸ್ಥೆ ಅಥವಾ ಪಾಲುದಾರಿಕೆಯಾಗಿದ್ದರೆ ಸಾಲ ತೀರುವಳಿಯ ಪತ್ರ ಮತ್ತು ಲಿಖಿತ ಘೋಷಣೆಯನ್ನು ಪಡೆಯಬೇಕು.

ಗುಣಮಟ್ಟದ ವಿಷಯದಲ್ಲಿ ಕಾನೂನು ಖರೀದಿದಾರನಿಗೆ ನೀಡುವ ನೆರವು ಅಲ್ಪ. ಅದೇ ಕಾಯಿದೆಯ ಕಲಂ 16ರಂತೆ, ಕೆಲವು ಅಪವಾದಗಳನ್ನು ಬಿಟ್ಟರೆ, ಗುಣಮಟ್ಟದ ಬಗೆಗೆ ಹೇಳದೇ ಬಂದ ಖಾತರಿ ಇರುವುದಿಲ್ಲ. ನೋಡಿ ಕೊಳ್ಳುವ ಹೊಣೆ ಕೊಳ್ಳುವವನದು. ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸಾಮಾನ್ಯವಾಗಿ 'ಗ್ರಾಹಕ' ಎನಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನ ಸಾಗಿಸಲು ಕೊಂಡವನಿಗೆ ಮಾತ್ರ ಅಲ್ಲಿ ವಿನಾಯಿತಿ ಇದೆ. ಆದುದರಿಂದ ಬಾಯಿಮಾತಿನ ಭರವಸೆಗಳನ್ನು ಬಿಲ್ಲಿನಲ್ಲಿಯೇ ಬರೆಯಿಸಬೇಕು: ಎಂಜಿನ್ ಸಂಖ್ಯೆ, ಗಂಟೆ ಮೀಟರ್‌ನ ಅಂಕಿ, ಸಾಲವಿಲ್ಲವೆಂಬ ಹೇಳಿಕೆ, ಮತ್ತು ಒಪ್ಪಿಗೆಯಾದರೆ 30 ದಿನಗಳ ದೋಷ ಹೊಣೆ.

7. ಜಿಎಸ್‌ಟಿ: ಮಾರುವವನು ಯಾರು?

ಹುಲ್ಲು ಕತ್ತರಿಸುವ ಯಂತ್ರಗಳು ಸುಂಕ ಪಟ್ಟಿಯ 8433ರ ಶೀರ್ಷಿಕೆಗೆ ಸೇರುತ್ತವೆ. ಈ ಶೀರ್ಷಿಕೆಯ ಹುಲ್ಲು ಕತ್ತರಿಸುವ ಯಂತ್ರಗಳ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಬಳಸಿದ ಮೋಟಾರು ವಾಹನಗಳಿಗೆ ಇರುವ ಪ್ರತ್ಯೇಕ ಅಧಿಸೂಚನೆ ಇವುಗಳಿಗೆ ಅನ್ವಯಿಸುವುದಿಲ್ಲ. ತೆರಿಗೆಯ ಪರಿಣಾಮ ಮಾರುವವನು ಯಾರೆಂಬುದನ್ನು ಅವಲಂಬಿಸಿದೆ.

(ಅ) ನೋಂದಾಯಿತ ಕಾರ್ಖಾನೆ, ಹಿಂದೆ ತೆರಿಗೆ ಜಮೆ ಪಡೆದಿದ್ದರೆ: ಇಲ್ಲಿ ಕೇಂದ್ರ ಜಿಎಸ್‌ಟಿ ಕಾಯಿದೆಯ ಕಲಂ 18(6) ಬರುತ್ತದೆ. ಯಂತ್ರ ಕೊಂಡ ದಿನಾಂಕದಿಂದ ಪ್ರತಿ ತ್ರೈಮಾಸಿಕಕ್ಕೆ ಅಥವಾ ಅದರ ಭಾಗಕ್ಕೆ ಶೇ. 5ರಂತೆ ಕಡಿತಗೊಳಿಸಿ ಉಳಿದ ಜಮೆ ಒಂದು ಕಡೆ, ಮಾರಾಟ ಬೆಲೆಯ ಮೇಲಿನ ತೆರಿಗೆ ಇನ್ನೊಂದು ಕಡೆ; ಇವುಗಳಲ್ಲಿ ಹೆಚ್ಚಿನದನ್ನು ಮಾರುವವನು ಪಾವತಿಸಬೇಕು. ಉದಾಹರಣೆಗೆ, ನಂಜನಗೂಡಿನ ಒಂದು ಘಟಕವು 2023ರ ಜುಲೈ 10ರಂದು ರೂ. 4,00,000ಕ್ಕೆ ಯಂತ್ರ ಕೊಂಡು ಆಗಿನ ಶೇ. 12ರಂತೆ ರೂ. 48,000 ಜಮೆ ಪಡೆದು, 2026ರ ಜನವರಿ 5ರಂದು ಟಿ. ನರಸೀಪುರದ ಘಟಕಕ್ಕೆ ರೂ. 1,80,000ಕ್ಕೆ ಮಾರಿತೆಂದು ಭಾವಿಸಬಹುದು. ಹತ್ತು ತ್ರೈಮಾಸಿಕಗಳಿಗೆ ಶೇ. 50 ಕಳೆದು ಉಳಿಯುವುದು ರೂ. 24,000. ಮಾರಾಟ ಬೆಲೆಯ ಮೇಲೆ ಶೇ. 5ರ ತೆರಿಗೆ ರೂ. 9,000. ಮಾರುವವನ ಹೊಣೆ ರೂ. 24,000. ಈ ರೂ. 15,000ದ ವ್ಯತ್ಯಾಸ ಮಾರುವವನದು. ಅದನ್ನು ಆತ ಬೆಲೆಯಲ್ಲಿ ಸೇರಿಸಲು ಯತ್ನಿಸುವುದು ಸಹಜ. ಕೊಳ್ಳುವವನು ಅದರ ಮೂಲವನ್ನು ತಿಳಿದಿದ್ದರೆ ಚೌಕಾಶಿ ಸುಲಭ.

(ಆ) ಬಳಸಿದ ಯಂತ್ರಗಳ ವ್ಯಾಪಾರಿ: ಖರೀದಿಯ ಮೇಲೆ ಜಮೆ ಪಡೆಯದಿದ್ದರೆ, ನಿಯಮ 32(5)ರಂತೆ ಆತನು ತನ್ನ ಕೊಳ್ಳುವ ಮತ್ತು ಮಾರುವ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ರೂ. 1,50,000ಕ್ಕೆ ಕೊಂಡು ರೂ. 1,80,000ಕ್ಕೆ ಮಾರಿದರೆ ತೆರಿಗೆ ರೂ. 30,000ದ ಮೇಲೆ, ಅಂದರೆ ರೂ. 1,500.

(ಇ) ನೋಂದಣಿ ಇಲ್ಲದ ವ್ಯಕ್ತಿ: ತೆರಿಗೆಯೂ ಇಲ್ಲ, ಜಮೆಯೂ ಇಲ್ಲ. ಮಾರಿದವನ ಗುರುತಿನ ಪ್ರತಿ, ಸಹಿ ಮಾಡಿದ ರಸೀದಿ, ಬ್ಯಾಂಕ್ ಮೂಲಕ ಪಾವತಿ ಇವು ಇಲ್ಲಿ ಬಿಲ್ಲಿನ ಕೆಲಸ ಮಾಡುತ್ತವೆ.

(ಈ) ಸರ್ಕಾರಿ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಯ ಹರಾಜು: ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಅಥವಾ ನಗರಸಭೆ, ಪುರಸಭೆಯಂತಹ ಸ್ಥಳೀಯ ಸಂಸ್ಥೆ ಹಳೆಯ ಸಾಮಗ್ರಿಯನ್ನು ನೋಂದಾಯಿತ ವ್ಯಕ್ತಿಗೆ ಮಾರಿದರೆ, 2017ರ ಅಕ್ಟೋಬರ್ 13ರ ಅಧಿಸೂಚನೆಯಂತೆ ತೆರಿಗೆ ಕಟ್ಟುವವನು ಕೊಂಡವನೇ. ಇದನ್ನು ನಗದು ಲೆಡ್ಜರ್‌ನಿಂದ ಕಟ್ಟಿ, ಅರ್ಹತೆಯಿದ್ದರೆ ಜಮೆ ಪಡೆಯಬೇಕು. ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಸಂತೋಷಪಟ್ಟು ಈ ತೆರಿಗೆಯನ್ನು ಮರೆತರೆ, ನಂತರ ಬಡ್ಡಿಸಹಿತ ನೋಟಿಸ್ ಬರುತ್ತದೆ. ಹರಾಜಿನ ಸರಕು 'ಎಲ್ಲಿ ಹೇಗಿದೆಯೋ ಹಾಗೆ' ಎಂಬ ಷರತ್ತಿನದು. ಪರೀಕ್ಷೆ ಬಿಡ್‌ಗೆ ಮೊದಲೇ ಆಗಬೇಕು.

ಕೊಂಡವನಿಗೆ ಜಮೆ ದೊರೆಯಬೇಕಾದರೆ ಬಿಲ್ ಜಿಎಸ್‌ಟಿಆರ್-2ಬಿಯಲ್ಲಿ ಕಾಣಬೇಕು, ಯಂತ್ರವು ವ್ಯವಹಾರದ ಆವರಣದಲ್ಲಿ ಬಳಕೆಯಾಗಬೇಕು. ಮಾಲೀಕನ ಮನೆಯ ಅಂಗಳಕ್ಕೆ ಕೊಂಡ ಯಂತ್ರಕ್ಕೆ ಜಮೆ ಇಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕನಿಗೂ ಇಲ್ಲ. ಜಮೆ ಪಡೆದ ತೆರಿಗೆಯ ಮೊತ್ತವನ್ನು ಸವಕಳಿಗಾಗಿ ಯಂತ್ರದ ಬೆಲೆಗೆ ಸೇರಿಸುವಂತಿಲ್ಲ.

8. ಆದಾಯ ತೆರಿಗೆ

ಯಂತ್ರೋಪಕರಣಗಳ ಸಾಮಾನ್ಯ ಸವಕಳಿ ದರ ಶೇ. 15. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರ ಅರ್ಧ. ಅಂದರೆ ಅಕ್ಟೋಬರ್ ಮೊದಲ ವಾರದ ನಂತರ ಬಳಕೆಗೆ ತಂದ ಯಂತ್ರಕ್ಕೆ ಆ ವರ್ಷ ಶೇ. 7.5 ಮಾತ್ರ. ತಯಾರಿಕಾ ಘಟಕಗಳ ಹೊಸ ಯಂತ್ರಗಳಿಗೆ ಷರತ್ತುಬದ್ಧವಾಗಿ ದೊರೆಯುವ ಹೆಚ್ಚುವರಿ ಸವಕಳಿಯು ಬೇರೊಬ್ಬರು ಬಳಸಿದ ಯಂತ್ರಕ್ಕೆ ದೊರೆಯುವುದಿಲ್ಲ.

ಹೆಚ್ಚು ಜನ ಎಡವುವುದು ನಗದಿನಲ್ಲಿ. ಒಂದೇ ದಿನ ಒಬ್ಬನಿಗೆ ರೂ. 10,000 ಮೀರಿ ನಗದಾಗಿ ಕೊಟ್ಟ ಮೊತ್ತವು ಆಸ್ತಿಯ ವೆಚ್ಚವೆಂದು ಪರಿಗಣಿತವಾಗುವುದಿಲ್ಲ. 1961ರ ಕಾಯಿದೆಯ ಕಲಂ 43(1)ರಲ್ಲಿದ್ದ ಈ ತತ್ವವನ್ನು, 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯಿದೆ ಬೇರೆ ಕಲಂ ಸಂಖ್ಯೆಯಡಿ ಮುಂದುವರಿಸಿದೆ. ರೂ. 1,80,000ನ್ನು ಒಂದೇ ಕಂತಿನಲ್ಲಿ ನಗದಾಗಿ ಕೊಟ್ಟವನಿಗೆ ಆ ಇಡೀ ಮೊತ್ತದ ಮೇಲೆ ಸವಕಳಿ ಇಲ್ಲ. ಒಂದೇ ವ್ಯವಹಾರದಲ್ಲಿ ರೂ. 2 ಲಕ್ಷ ಅಥವಾ ಹೆಚ್ಚು ನಗದು ಪಡೆದ ಮಾರಾಟಗಾರನಿಗೆ ಅಷ್ಟೇ ಮೊತ್ತದ ದಂಡದ ಅಪಾಯವೂ ಇದೆ. 'ನಗದಾದರೆ ಬೆಲೆ ಕಡಿಮೆ' ಎಂಬ ಮಾತಿನ ಹಿಂದಿನ ಲೆಕ್ಕ ಕೊಳ್ಳುವವನ ಪರವಾಗಿ ಇರುವುದಿಲ್ಲ.

9. ಸಾಗಣೆ

ನೋಂದಣಿ ಇಲ್ಲದ ಯಂತ್ರವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಿಕೊಂಡು ತರುವಂತಿಲ್ಲ. ಎರಡು ಮೈಲಿ ದೂರವೇ ಆದರೂ ಪಿಕಪ್ ವಾಹನದಲ್ಲಿ, ಗಾಲಿಗಳಿಗೆ ತಡೆ ಕೊಟ್ಟು, ಹಗ್ಗ ಬಿಗಿದು ತರಬೇಕು. ಸರಕಿನ ಮೌಲ್ಯ ರೂ. 50,000 ಮೀರಿದರೆ ಇ-ವೇ ಬಿಲ್ ಬೇಕು; ಮಾರುವವನಿಗೆ ನೋಂದಣಿ ಇಲ್ಲದಿದ್ದರೆ ಅದನ್ನು ತೆಗೆಯುವ ಹೊಣೆ ನೋಂದಾಯಿತ ಖರೀದಿದಾರನದು. ಕೊಳ್ಳೇಗಾಲದ ಕಡೆಯಿಂದ ಟಿ. ನರಸೀಪುರ, ಮೈಸೂರು, ನಂಜನಗೂಡುಗಳನ್ನು ಹಾದು ಕೋಳಿಕ್ಕೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ವಯನಾಡಿನಿಂದ ಯಂತ್ರ ತರಿಸುವವರು ಐಜಿಎಸ್‌ಟಿ ಬಿಲ್ ಪಡೆಯಬೇಕು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇರುವ ಸಂಚಾರ ನಿರ್ಬಂಧವನ್ನೂ ಗಮನಿಸಿ ಹೊರಡುವ ಸಮಯವನ್ನು ನಿಗದಿಪಡಿಸಬೇಕು. ಒಂದು ರಾತ್ರಿಯ ನಿಲುಗಡೆ ಎಂದರೆ ಬಾಡಿಗೆಯ ಹೆಚ್ಚಳ.

10. ಖರೀದಿಯ ಕಡತ

ಮೇಲಿನ ಎಲ್ಲವೂ ಒಂದು ತೆಳುವಾದ ಕಡತದಲ್ಲಿ ಅಡಕವಾಗಬಲ್ಲವು. ಆರ್.ಸಿ. ಪುಸ್ತಕಕ್ಕೆ ಬದಲಾಗಿ ಇರಬೇಕಾದದ್ದು ಇದೇ:

– ಮೂಲ ಖರೀದಿ ಬಿಲ್ಲಿನ ಪ್ರತಿ, ಯಂತ್ರ ಮತ್ತು ಎಂಜಿನ್ ಸಂಖ್ಯೆಗಳ ಛಾಯಾಚಿತ್ರ.
– ಗಂಟೆ ಮೀಟರ್‌ನ ಅಂಕಿ ಮತ್ತು ಮೆಕ್ಯಾನಿಕ್‌ನ ಸಹಿಯುಳ್ಳ ಪರೀಕ್ಷಾ ವರದಿ; ಸುರಕ್ಷತಾ ಸ್ವಿಚ್ ಕೆಲಸ ಮಾಡುತ್ತದೆಂಬ ಪ್ರತ್ಯೇಕ ನಮೂದು.
– ಬಿಡಿಭಾಗಗಳ ಬೆಲೆ ಮತ್ತು ಲಭ್ಯತೆಯ ಪತ್ರ.
– ಚಾರ್ಜ್ ಪರಿಶೀಲನೆಯ ಪ್ರತಿ, ಬ್ಯಾಂಕಿನ ಪತ್ರ ಅಥವಾ ಸಾಲವಿಲ್ಲವೆಂಬ ಘೋಷಣೆ.
– ಮಾರಾಟದ ತೆರಿಗೆ ಬಿಲ್, ಇ-ವೇ ಬಿಲ್, ಬ್ಯಾಂಕ್ ಪಾವತಿಯ ದಾಖಲೆ.
– ಹೊಸ ಯಂತ್ರ, ಬಳಸಿದ ಯಂತ್ರ, ಗುತ್ತಿಗೆ ಈ ಮೂರರ ವಾರ್ಷಿಕ ವೆಚ್ಚದ ಹೋಲಿಕೆ, ಒಂದೇ ಹಾಳೆಯಲ್ಲಿ.

ಕೊನೆಯ ಹಾಳೆಯನ್ನು ಮೊದಲು ಬರೆಯುವುದು ಜಾಣತನ. ಬಹುಮಂದಿ ಯಂತ್ರವನ್ನು ನೋಡಿ, ಮೆಚ್ಚಿ, ಮುಂಗಡ ಕೊಟ್ಟು, ಆಮೇಲೆ ಲೆಕ್ಕಕ್ಕೆ ಕೂರುತ್ತಾರೆ. ಆಗ ಲೆಕ್ಕವು ಮಾಡಿಯಾದ ನಿರ್ಧಾರದ ಸಮರ್ಥನೆಯಷ್ಟೇ ಆಗುತ್ತದೆ. ಐದು ವರ್ಷಕ್ಕೆ ರೂ. 32,500 ಉಳಿಸಲು ಇಷ್ಟೊಂದು ಕಾಗದವೇ ಎಂದು ಕೇಳಬಹುದು. ಆ ಉಳಿತಾಯವನ್ನು ಕಾಯುವುದು ಆ ಕಾಗದಗಳೇ. ಮುಂದೊಂದು ದಿನ ಇದೇ ಯಂತ್ರವನ್ನು ಮಾರುವಾಗ, ಕಡತ ಸಮೇತ ಬಂದ ಯಂತ್ರಕ್ಕೆ ಕೊಳ್ಳುವವನು ನಾಲ್ಕು ಕಾಸು ಹೆಚ್ಚು ಕೊಡಲು ಹಿಂಜರಿಯುವುದಿಲ್ಲ.